ಸರ್ಕಾರಿ ಶಾಲೆಯ ಬೀಗದ ಕೈ ಯಾರ ಹತ್ತಿರ ಇರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ (ಪೋಷಕರೇ ಹೆಚ್ಚಾಗಿರುವ ಶಾಲಾ ಸಮಿತಿಯಲ್ಲಿ) ಮೂರು ವರ್ಷ ಇದ್ದೆ. ಆಗಿನಿಂದ ಅಕ್ಕಪಕ್ಕದ ಊರಿನವರು ಸಿಕ್ಕಾಗಲೆಲ್ಲ ಇದೇ ವಿಷಯ ಕೇಳುತ್ತಾರೆ: ಶಾಲೆ ನಮ್ಮದೋ, ಸರ್ಕಾರದ್ದೋ? ಅವರು ಕೇಳಿದ ಪ್ರಶ್ನೆಗಳನ್ನು, ನನಗೆ ತಿಳಿದಿರುವ ಉತ್ತರಗಳ ಜೊತೆ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಶಾಲಾ ಆಡಳಿತದ ವಿಕೇಂದ್ರೀಕರಣ ಅಂದರೆ ಏನು?

ಶಾಲೆಗೆ ಸಂಬಂಧಿಸಿದ ತೀರ್ಮಾನವನ್ನು ಶಾಲೆಗೆ ಆದಷ್ಟು ಹತ್ತಿರ ತೆಗೆದುಕೊಳ್ಳುವುದು, ಅಷ್ಟೇ. ಬಾಗಿಲು ರಿಪೇರಿಗೆ ಬೆಂಗಳೂರಿನ ಒಪ್ಪಿಗೆ ಬೇಕಾ? ಮೇಷ್ಟ್ರು ರಜೆ ಹಾಕಿದಾಗ ಬದಲಿ ಯಾರು ಅಂತ ಊರಲ್ಲೇ ಹೇಳಬಹುದಾ? ಇಂಥ ಪ್ರಶ್ನೆಗಳಿಗೆ ಉತ್ತರ ಎಲ್ಲಿ ಸಿಗುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಒಂದು ವ್ಯತ್ಯಾಸ ಗಮನಿಸಿ. ಕೆಲಸವನ್ನು ಕೆಳಗೆ ಕಳಿಸುವುದು ಬೇರೆ, ಅಧಿಕಾರವನ್ನು ಕೆಳಗೆ ಕೊಡುವುದು ಬೇರೆ. ನಮ್ಮಲ್ಲಿ ಕೆಲಸ ತುಂಬಾ ಕೆಳಗೆ ಬಂದಿದೆ, ಅಧಿಕಾರ ಬಂದಿಲ್ಲ.

ಈಗ ನಮ್ಮೂರ ಶಾಲೆಯನ್ನು ನಡೆಸುತ್ತಿರುವುದು ಯಾರು?

ಮೇಲಿಂದ ಕೆಳಗೆ ಲೆಕ್ಕ ಹಾಕಿ. ಶಿಕ್ಷಣ ಸಚಿವರು, ಇಲಾಖೆಯ ಕಾರ್ಯದರ್ಶಿ, ಬೆಂಗಳೂರಿನಲ್ಲಿ ಆಯುಕ್ತರು, ಧಾರವಾಡ ಮತ್ತು ಕಲಬುರಗಿಯಲ್ಲಿ ಅಪರ ಆಯುಕ್ತರು. ಜಿಲ್ಲೆಗೆ ಉಪನಿರ್ದೇಶಕರು (ಡಿಡಿಪಿಐ), ತಾಲ್ಲೂಕಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಒಂದಷ್ಟು ಶಾಲೆಗಳ ಗುಂಪಿಗೆ ಒಬ್ಬರು ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ. ಕೊನೆಗೆ ಹೆಡ್‌ಮಾಸ್ಟರ್. ಶಿರಸಿ, ಚಿಕ್ಕೋಡಿ, ಮಧುಗಿರಿಯಂಥ ಕಡೆ ಆಡಳಿತದ ಅನುಕೂಲಕ್ಕೆ ಬೇರೆಯೇ ಶೈಕ್ಷಣಿಕ ಜಿಲ್ಲೆ ಮಾಡಿದ್ದಾರೆ. ಕಚೇರಿ ಹತ್ತಿರವಾಯಿತು, ಒಳ್ಳೆಯದೇ. ಆದರೆ ತೀರ್ಮಾನ ಮಾತ್ರ ಹಳೇ ಜಾಗದಲ್ಲೇ ಉಳಿಯಿತು.

ಇನ್ನೊಂದು ಕಡೆ ಪಂಚಾಯಿತಿ ಇದೆ. ಪ್ರಾಥಮಿಕ ಶಾಲೆ ಶಿಕ್ಷಕರ ಸಂಬಳದ ಹಣ ತಾಲ್ಲೂಕು ಪಂಚಾಯಿತಿಯ ಲೆಕ್ಕದಲ್ಲಿ ಬರುತ್ತದೆ. ಕಾಗದದ ಮೇಲೆ ನೋಡಿದರೆ ದೊಡ್ಡ ಮೊತ್ತ. ಆದರೆ ಅದರಲ್ಲಿ ಒಂದು ರೂಪಾಯಿಯನ್ನೂ ಬೇರೆ ಕಡೆ ಹಾಕುವ ಹಾಗಿಲ್ಲ. ಹಣ ಪಂಚಾಯಿತಿಯ ಮೂಲಕ ಹಾದು ಹೋಗುತ್ತದೆ, ಅಲ್ಲಿ ನಿಲ್ಲುವುದಿಲ್ಲ.

ಮೇಲಿನ ಒಂದು ತೀರ್ಮಾನ ಎಷ್ಟು ದೂರ ಮುಟ್ಟುತ್ತದೆ ಅನ್ನುವುದಕ್ಕೆ 2025ರ ದಸರಾ ರಜೆ ನೋಡಿ. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಾಕಿದ್ದರು. ಕೆಲಸ ಮುಗಿಯಲಿಲ್ಲ ಅಂತ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಸಮೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಸಾವಿರಾರು ಶಾಲೆಗಳ ಪಾಠದ ದಿನಗಳು ಒಂದೇ ಆದೇಶದಲ್ಲಿ ಹೋದವು. ಆ ಪಾಠವನ್ನು ಹೇಗೆ ತುಂಬಿಸಬೇಕು ಅಂತ ಪೋಷಕರನ್ನು ಯಾರೂ ಕೇಳಲಿಲ್ಲ.

ಇದು ಹೊಸ ಬೇಡಿಕೆಯಾ?

ಇಲ್ಲ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದೆ ಇತ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆಗಿದ್ದಾಗ 1983ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆ ತಂದರು. ಅದರ ಹಿಂದೆ ನಿಂತವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊಡಿಸಿ 'ನೀರ್ ಸಾಬ್' ಅಂತ ಹೆಸರಾದವರು ಅವರೇ. 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಬಂದವು. ಪ್ರಾಥಮಿಕ ಶಾಲೆಗಳು ಅವುಗಳ ಕೈಗೆ ಬಂದವು. ಆಗ ಮೇಷ್ಟ್ರು ಬರದಿದ್ದರೆ ಜನ ಪರಿಷತ್ ಸದಸ್ಯರ ಮನೆಗೇ ಹೋಗುತ್ತಿದ್ದರು ಅಂತ ನಮ್ಮ ಹಿರಿಯರು ಈಗಲೂ ಹೇಳುತ್ತಾರೆ.

ಆಮೇಲೆ ಸಂವಿಧಾನದ 73ನೇ ತಿದ್ದುಪಡಿ ಬಂತು. ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿ, ಅಂದರೆ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವೂ ಸೇರಿತು. 1993ರಲ್ಲಿ ನಮ್ಮ ಈಗಿನ ಪಂಚಾಯತ್ ರಾಜ್ ಕಾಯ್ದೆ ಬಂತು. 2001ರ ಏಪ್ರಿಲ್‌ನಲ್ಲಿ, ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ, ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂತು. ಪೋಷಕರೇ ಸೇರಿ 9 ಪೋಷಕರನ್ನು ಆರಿಸುವ ವ್ಯವಸ್ಥೆ ಅದು. ಇಡೀ ದೇಶಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲೇ ನಮ್ಮಲ್ಲಿ ಪೋಷಕರ ಸಮಿತಿ ಇತ್ತು. ಇದನ್ನು ನೆನಪಿಸಿಕೊಂಡರೆ ನನಗೆ ಹೆಮ್ಮೆಯೂ ಆಗುತ್ತದೆ, ಹೊಟ್ಟೆ ಉರಿಯುವುದೂ ಉಂಟು. ಅಷ್ಟು ಮುಂಚೆ ಹೊರಟವರು ಎಲ್ಲಿ ನಿಂತುಬಿಟ್ಟೆವು?

ಎಸ್‌ಡಿಎಂಸಿಗೆ ನಿಜಕ್ಕೂ ಏನು ಅಧಿಕಾರ ಇದೆ?

ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಓದಿ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಪೋಷಕರು ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು. ಕೆಲಸ ಮೂರು: ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಶಾಲಾಭಿವೃದ್ಧಿ ಯೋಜನೆ ಮಾಡಿ ಶಿಫಾರಸು ಮಾಡುವುದು, ಬಂದ ಅನುದಾನ ಹೇಗೆ ಖರ್ಚಾಗುತ್ತಿದೆ ಅಂತ ಗಮನಿಸುವುದು.

ಕಾಯ್ದೆಯ ಪದಗಳನ್ನೇ ನೋಡಿ: ನೋಡುವುದು, ಶಿಫಾರಸು ಮಾಡುವುದು, ಗಮನಿಸುವುದು. 'ತೀರ್ಮಾನ ಮಾಡುವುದು' ಅನ್ನುವ ಪದ ಎಲ್ಲೂ ಇಲ್ಲ. ಮೇಷ್ಟ್ರು ತಡವಾಗಿ ಬಂದರೆ ನೀವು ಬರೆದಿಡಬಹುದು. ಆದರೆ ಆ ಬರಹವನ್ನು ಯಾರು ಓದಬೇಕು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಅಂತ ಇಲ್ಲ. ನನ್ನ ಮುಖ್ಯ ದೂರು ಇದೇ. ಸಮಿತಿಗೆ ಕಣ್ಣು ಕೊಟ್ಟರು, ಕೈ ಕೊಡಲಿಲ್ಲ.

ಹಾಗಂತ ಈ ಕಣ್ಣು ಸಣ್ಣದಲ್ಲ. ಬಿಸಿಯೂಟ ನೋಡಿ. 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗಿನಿಂದ ಹಳ್ಳಿ ಶಾಲೆಗಳಲ್ಲಿ ಅಡುಗೆ ಮಾಡುವವರು ಊರಿನ ಹೆಂಗಸರೇ. ತಾಯಂದಿರು ಬಂದು ರುಚಿ ನೋಡುವ ಶಾಲೆಗಳಲ್ಲಿ ಸಾಂಬಾರು ಗಟ್ಟಿ ಇರುತ್ತದೆ. ಇದನ್ನು ನಾನೇ ನೋಡಿದ್ದೇನೆ. ಅಕ್ಕಿಯಲ್ಲಿ ಹುಳ ಬಂದರೆ ಅವತ್ತೇ ಮಾತು ಬರುತ್ತದೆ.

ದುಡ್ಡು ಎಷ್ಟು ಬರುತ್ತದೆ? ಖರ್ಚು ಮಾಡುವುದು ಯಾರು?

ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಿಂದ ಶಾಲೆಗೆ ವಾರ್ಷಿಕ ಅನುದಾನ ಇದೆ. ಹೆಚ್ಚೆಂದರೆ ಎಷ್ಟು ಅನ್ನುವುದು ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗೆ 10,000 ರೂಪಾಯಿ. 100ರವರೆಗೆ 25,000. 250ರವರೆಗೆ 50,000. 1,000ದವರೆಗೆ 75,000. ಅದಕ್ಕಿಂತ ಜಾಸ್ತಿ ಇದ್ದರೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಹೋಗಬೇಕು. ಸೀಮೆಸುಣ್ಣ, ಕರೆಂಟು, ಸಣ್ಣಪುಟ್ಟ ರಿಪೇರಿ ಎಲ್ಲ ಇದರಲ್ಲೇ ಆಗಬೇಕು. 28 ಮಕ್ಕಳ ಶಾಲೆಗೂ ಒಂದು ಕಟ್ಟಡ, ಒಂದು ನೀರಿನ ಟ್ಯಾಂಕು, ಶೌಚಾಲಯ ಇರುತ್ತವೆ. ಮಕ್ಕಳು ಕಡಿಮೆ ಅಂತ ಸೂರು ಕಡಿಮೆ ಸೋರುವುದಿಲ್ಲ, ಅಲ್ವಾ?

ಮೊದಲು ಈ ಹಣ ಎಸ್‌ಡಿಎಂಸಿ ಅಧ್ಯಕ್ಷರು ಮತ್ತು ಹೆಡ್‌ಮಾಸ್ಟರ್ ಹೆಸರಿನ ಜಂಟಿ ಖಾತೆಗೆ ಬಂದು ಬೀಳುತ್ತಿತ್ತು. ಪಾಸ್‌ಬುಕ್ ತೆಗೆದರೆ ಎಷ್ಟಿದೆ ಅಂತ ಗೊತ್ತಾಗುತ್ತಿತ್ತು. 2021ರಿಂದ ಕೇಂದ್ರದ ಯೋಜನೆಗಳ ಹಣಕ್ಕೆ ರಾಜ್ಯದಲ್ಲಿ ಯೋಜನೆಗೊಂದೇ ಮುಖ್ಯ ಖಾತೆ. ಶಾಲೆಗೆ ಇಷ್ಟು ಖರ್ಚು ಮಾಡಬಹುದು ಅನ್ನುವ ಮಿತಿ ಮಾತ್ರ ಬರುತ್ತದೆ, ಹಣ ಮೇಲೆಯೇ ಇರುತ್ತದೆ. ಹಣ ಸುಮ್ನೆ ಖಾತೆಗಳಲ್ಲಿ ಕೊಳೆಯಬಾರದು, ಲೆಕ್ಕ ಸ್ಪಷ್ಟ ಇರಬೇಕು ಅನ್ನುವುದು ಇದರ ಉದ್ದೇಶ. ಅದು ಸರಿಯಾದ ಉದ್ದೇಶವೇ. ಆದರೆ ಮಾರ್ಚ್ ಕೊನೆಗೆ ಮಿತಿ ಬಂದು, ಕೆಲವೇ ದಿನಗಳಲ್ಲಿ ಖರ್ಚು ಮಾಡಿ ಅಂದರೆ ಸಮಿತಿ ಏನು ಯೋಜನೆ ಮಾಡಬೇಕು?

ನಮ್ಮ ಅನುಭವ ಒಂದು ಹೇಳುತ್ತೇನೆ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಮುರಿದಿತ್ತು. ಖಾತೆಯಲ್ಲಿ ಹಣ ಇತ್ತು, ಆದರೆ ಅದು ಬೇರೆ 'ಹೆಡ್'ನ, ಅಂದರೆ ಬೇರೆ ಖರ್ಚಿಗೆ ಅಂತ ಗೊತ್ತು ಮಾಡಿದ ಹಣ. ಬಾಗಿಲಿಗೆ ಹಾಕಲು ಮೇಲಿನ ಒಪ್ಪಿಗೆ ಬೇಕು ಅಂದರು. ಅರ್ಜಿ ಕೊಟ್ಟೆವು, ಮತ್ತೆ ಕೊಟ್ಟೆವು. ನಾಲ್ಕು ತಿಂಗಳು ಆರನೇ, ಏಳನೇ ಕ್ಲಾಸಿನ ಹುಡುಗಿಯರು ಮಧ್ಯಾಹ್ನ ಮನೆಗೆ ಹೋಗಿ ಬರುತ್ತಿದ್ದರು. ಕೆಲವರು ಹೋದವರು ವಾಪಸ್ ಬರುತ್ತಿರಲಿಲ್ಲ. ಕೊನೆಗೆ ಸಮಿತಿಯ ಒಬ್ಬ ತಾಯಿ ತಮ್ಮ ಮನೆ ಕೆಲಸಕ್ಕೆ ತಂದಿಟ್ಟಿದ್ದ ಬಾಗಿಲನ್ನೇ ಕೊಟ್ಟರು. ಆ ಬಾಗಿಲು ಇನ್ನೂ ಇದೆ. ನಾಲ್ಕು ತಿಂಗಳ ಪಾಠ ಆ ಹುಡುಗಿಯರಿಗೆ ವಾಪಸ್ ಸಿಗಲಿಲ್ಲ.

ಹಾಗಾಗಿ ನನ್ನ ಮೊದಲ ಬೇಡಿಕೆ: ಶಾಲೆಗೆ ವರ್ಷದ ಆರಂಭದಲ್ಲೇ, ಜೂನ್‌ ಒಳಗೆ, ಯಾವ ಹೆಡ್ಡಿನ ಕಟ್ಟೂ ಇಲ್ಲದ ಒಂದಿಷ್ಟು ಹಣ ಕೊಡಿ. ಲೆಕ್ಕ ಕೇಳಿ, ಗೋಡೆ ಮೇಲೆ ಬರೆಸಿ, ಗ್ರಾಮಸಭೆಯಲ್ಲಿ ಓದಿಸಿ. ಆದರೆ ಬಾಗಿಲಿಗೋ ಬಲ್ಬಿಗೋ ಅನ್ನುವುದನ್ನು ಊರಿಗೆ ಬಿಡಿ.

ಮೇಷ್ಟ್ರ ನೇಮಕವನ್ನೂ ಊರಿಗೆ ಕೊಡಬೇಕಾ?

ಬೇಡ. ಇದನ್ನು ನಾನು ಬಹಳ ಯೋಚನೆ ಮಾಡಿಯೇ ಹೇಳುತ್ತಿದ್ದೇನೆ.

ಮಧ್ಯಪ್ರದೇಶದಲ್ಲಿ 1997ರಲ್ಲಿ ಶಿಕ್ಷಣ ಖಾತರಿ ಯೋಜನೆ ಬಂತು. ಹತ್ತಿರ ಶಾಲೆ ಇಲ್ಲದ ಕಡೆ 40 ಮಕ್ಕಳಿದ್ದರೆ, ಬುಡಕಟ್ಟು ಪ್ರದೇಶದಲ್ಲಿ 25 ಇದ್ದರೂ ಸಾಕು, ಊರಿನವರು ಕೇಳಿದ 90 ದಿನದಲ್ಲಿ ಸರ್ಕಾರ ಶಾಲೆ ಕೊಡಬೇಕು. ಕಲಿಸಲು ಊರಿನವರೇ ಒಬ್ಬ 'ಗುರೂಜಿ'. ಸಾವಿರಾರು ಕುಗ್ರಾಮಗಳಿಗೆ ಮೊದಲ ಸಲ ಶಾಲೆ ಬಂತು. ಊರು ಕೇಳಿದರೆ ಸರ್ಕಾರ ಕೊಡಲೇಬೇಕು ಅನ್ನುವ ಭಾಗ ನನಗೆ ತುಂಬಾ ಇಷ್ಟ. ಆದರೆ ಗುರೂಜಿಗಳಿಗೆ ಸಿಕ್ಕಿದ್ದು ತುಂಬಾ ಕಡಿಮೆ ಗೌರವಧನ. ಊರಿನ ಶಿಕ್ಷಕ ಅಂದರೆ ಅಗ್ಗದ ಶಿಕ್ಷಕ ಅನ್ನುವ ಹಾಗಾಯಿತು. ನಮ್ಮ ಅತಿಥಿ ಶಿಕ್ಷಕರನ್ನು ನೋಡಿದರೆ ಅದೇ ಕಥೆ. ಆಯ್ಕೆ ಶಾಲೆಯ ಹಂತದಲ್ಲೇ ಆಗುತ್ತದೆ. ಕೆಲಸ ಕಾಯಂ ಶಿಕ್ಷಕರಷ್ಟೇ, ಸಂಬಳದಲ್ಲಿ ಅಜಗಜಾಂತರ.

ನೇಮಕ, ಸಂಬಳ, ಪಿಂಚಣಿ ರಾಜ್ಯದ ಕೈಯಲ್ಲೇ ಇರಲಿ. ಪ್ರಾಥಮಿಕ ಶಿಕ್ಷಕರ ನೇಮಕ ಈಗಲೂ ಜಿಲ್ಲಾವಾರು ನಡೆಯುತ್ತದೆ, ಅದು ಸಾಕು. ವರ್ಗಾವಣೆಗೆ 2007ರಲ್ಲಿ ಕಾಯ್ದೆ ಬಂತು, ಈಗ ಅದು ಕೌನ್ಸೆಲಿಂಗ್ ಮೂಲಕ, ಅಂದರೆ ಖಾಲಿ ಜಾಗ ತೋರಿಸಿ ಸರದಿಯಂತೆ ಆರಿಸಿಕೊಳ್ಳಲು ಬಿಟ್ಟು ನಡೆಯುತ್ತದೆ. ಹಿಂದೆ ಶಿಫಾರಸು ಪತ್ರ ಹಿಡಿದು ಓಡಾಡುತ್ತಿದ್ದ ಶಿಕ್ಷಕರನ್ನು ಕೇಳಿ. ಆ ಕಾಲಕ್ಕೆ ಯಾರೂ ವಾಪಸ್ ಹೋಗಬಾರದು.

ಊರಿಗೆ ಬೇಕಾದದ್ದು ಬೇರೆ ಎರಡು ವಿಷಯ. ಒಂದು, ನಮ್ಮ ಶಾಲೆಯ ಶಿಕ್ಷಕರನ್ನು ನಿಯೋಜನೆ ಮೇಲೆ (ತಾತ್ಕಾಲಿಕವಾಗಿ) ಬೇರೆ ಕಡೆ ಕಳಿಸುವ ಮುಂಚೆ ಸಮಿತಿಯ ಒಪ್ಪಿಗೆ ಕೇಳಬೇಕು. ಎರಡು, ಹುದ್ದೆ ಖಾಲಿಯಾದರೆ ಇಷ್ಟು ದಿನದಲ್ಲಿ ತುಂಬುತ್ತೇವೆ ಅಂತ ಲಿಖಿತ ಉತ್ತರ ಬರಬೇಕು. ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಜಾಸ್ತಿ ಖಾಲಿ ಇರಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಮೇ ಹೇಳುತ್ತದೆ.

ಊರಿನ ಕೈಗೆ ಕೊಟ್ಟರೆ ರಾಜಕೀಯ ನುಗ್ಗುವುದಿಲ್ಲವಾ?

ನುಗ್ಗುತ್ತದೆ. ಈಗ ಇಲ್ಲವಾ? ಬೆಂಗಳೂರಿನ ರಾಜಕೀಯ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಊರಿನದು ಬೀಳುತ್ತದೆ. ಊರಲ್ಲಾದರೆ ಎದುರಿಗೆ ನಿಂತು ಕೇಳಬಹುದು.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಅಧಿಕಾರಿಗಳೇ ನಡೆಸಿದರು. ಶಾಲೆಯ ಅಧಿಕಾರವನ್ನು ಪಂಚಾಯಿತಿಗೆ ಕೊಡಿ ಅಂತ ಕೇಳುವವರು ಮೊದಲು ಈ ಚುನಾವಣೆ ಕೇಳಬೇಕು. ಸದಸ್ಯರೇ ಇಲ್ಲದ ಮನೆಗೆ ಅಧಿಕಾರ ಕೊಟ್ಟರೆ ಅದು ಮತ್ತೆ ಅಧಿಕಾರಿಯ ಮೇಜಿಗೇ ಬರುತ್ತದೆ.

ಮೇಲ್ಜಾತಿಯವರು, ಬಲಾಢ್ಯರು ಸಮಿತಿ ಹಿಡಿದುಕೊಂಡರೆ?

ಈ ಭಯ ನಿಜ. ದಲಿತ ಮಹಿಳೆ ಅಡುಗೆ ಮಾಡಿದರೆ ಮಕ್ಕಳನ್ನು ಊಟಕ್ಕೆ ಬಿಡದ ಊರುಗಳ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅಂಥ ಕಡೆ 'ಊರಿನ ತೀರ್ಮಾನ' ಅಂದರೆ ಯಾರ ತೀರ್ಮಾನ?

ಇನ್ನೊಂದು ಉದಾಹರಣೆ ಕಾಲೇಜಿನದು. 2022ರ ಫೆಬ್ರವರಿ 5ರ ಸರ್ಕಾರಿ ಆದೇಶ, ಸರ್ಕಾರಿ ಪಿಯು ಕಾಲೇಜುಗಳಲ್ಲಿ ಸಮವಸ್ತ್ರದ ವಿಷಯವನ್ನು ಕಾಲೇಜು ಅಭಿವೃದ್ಧಿ ಸಮಿತಿಗೆ ಬಿಟ್ಟಿತು. ಆ ಸಮಿತಿಗೆ ಶಾಸಕರೇ ಅಧ್ಯಕ್ಷರು. ಹಿಜಾಬ್ ಹಾಕಿದ ಹುಡುಗಿಯರು ಗೇಟಿನ ಹೊರಗೆ ನಿಂತರು. ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಒಂದು ಮಗು ತರಗತಿಯೊಳಗೆ ಕೂರಬಹುದಾ ಬೇಡವಾ ಅನ್ನುವ ಪ್ರಶ್ನೆಯನ್ನು ಯಾವ ಸ್ಥಳೀಯ ಸಮಿತಿಗೂ ಬಿಡಬಾರದು. ಪ್ರವೇಶ, ಊಟಕ್ಕೆ ಒಂದೇ ಪಂಕ್ತಿ, ಹೊಡೆಯದಿರುವುದು, ಇವು ಮಗುವಿನ ಹಕ್ಕು. ಬಹುಮತದ ಕೈಗೆ ಹಕ್ಕನ್ನು ಕೊಡಬಾರದು. ಅಧಿಕಾರ ಕೆಳಗೆ ಇಳಿಸುವ ಮುಂಚೆ ಈ ಗೆರೆ ಎಳೆದಿರಬೇಕು. ಅದನ್ನು ಕಾಯುವ ಕೆಲಸ ರಾಜ್ಯದ್ದು.

ಜೊತೆಗೆ, ಸಮಿತಿಯ ಆಯ್ಕೆಯನ್ನು ಪೋಷಕರ ಸಭೆ ಕರೆದು, ಎಲ್ಲರ ಎದುರಿಗೆ ಮಾಡಬೇಕು. ನಾಲ್ಕು ಜನ ಚಾವಡಿಯಲ್ಲಿ ಕೂತು ಹೆಸರು ಬರೆದುಕೊಡುವ ಪದ್ಧತಿ ಇನ್ನೂ ಇದೆ. ಅದನ್ನು ನಿಲ್ಲಿಸಿದರೆ ಅರ್ಧ ಗೆದ್ದ ಹಾಗೆ.

ಪೋಷಕರಿಗೇ ಓದು ಬರುವುದಿಲ್ಲ. ಅವರು ಶಾಲೆ ನಡೆಸುತ್ತಾರಾ?

ಈ ಪ್ರಶ್ನೆ ಕೇಳಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಮೇಷ್ಟ್ರು ಬಂದರಾ, ಮಗು ಮನೆಗೆ ಬಂದು ಓದಿ ತೋರಿಸಿತಾ, ಊಟ ಸರಿ ಇತ್ತಾ ಅಂತ ಹೇಳಲು ಡಿಗ್ರಿ ಬೇಡ. ನಮ್ಮ ಸಮಿತಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಒಬ್ಬ ಅಜ್ಜಿ ಇದ್ದರು, ಮೊಮ್ಮಗಳ ಪೋಷಕರಾಗಿ. ಮೂರು ವರ್ಷದಲ್ಲಿ ಜಾಸ್ತಿ ಪ್ರಶ್ನೆ ಕೇಳಿದವರು ಅವರೇ. ತರಬೇತಿ ಬೇಕು, ನಿಜ. ಲೆಕ್ಕದ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಇಟ್ಟರೂ ಬಹಳಷ್ಟು ಸರಿಹೋಗುತ್ತದೆ.

ಪಠ್ಯಪುಸ್ತಕ, ಪರೀಕ್ಷೆ?

ರಾಜ್ಯದ್ದೇ ಇರಲಿ. ಆದರೆ ಕ್ಯಾಲೆಂಡರ್‌ನಲ್ಲಿ ಸ್ವಲ್ಪ ಸಡಿಲ ಬೇಕು. ಮಲೆನಾಡಿನ ಜುಲೈ ಮಳೆ, ರಾಯಚೂರಿನ ಏಪ್ರಿಲ್ ಬಿಸಿಲು ಒಂದೇ ಅಲ್ಲ. ಕಾಯ್ದೆ ಕೇಳುವುದು ಒಂದರಿಂದ ಐದನೇ ತರಗತಿಗೆ 200 ದಿನ, ಆರರಿಂದ ಎಂಟಕ್ಕೆ 220 ದಿನ. ದಿನ ತುಂಬಿಸುವುದು ಹೇಗೆ ಅಂತ ಜಿಲ್ಲೆ ನೋಡಿಕೊಳ್ಳಬಹುದು.

ಬೇರೆ ಕಡೆ ಹೇಗೆ ಮಾಡಿದ್ದಾರೆ?

ಪಕ್ಕದ ಕೇರಳದಲ್ಲಿ 1995ರಲ್ಲಿ ಪ್ರಾಥಮಿಕ ಶಾಲೆಗಳನ್ನು ಗ್ರಾಮ ಪಂಚಾಯಿತಿಗೆ, ಪ್ರೌಢಶಾಲೆಗಳನ್ನು ಜಿಲ್ಲಾ ಪಂಚಾಯಿತಿಗೆ ಒಪ್ಪಿಸಿದರು. ಮುಂದಿನ ವರ್ಷ ಜನರೇ ಸೇರಿ ಊರಿನ ಯೋಜನೆ ಮಾಡುವ 'ಜನಕೀಯ ಯೋಜನೆ' ಶುರುವಾಗಿ, ರಾಜ್ಯದ ಯೋಜನಾ ಹಣದಲ್ಲಿ ಶೇ 35ರಿಂದ 40ರಷ್ಟು ಸ್ಥಳೀಯ ಸಂಸ್ಥೆಗಳಿಗೆ ಹೋಯಿತು. ಶಿಕ್ಷಕರು ಮಾತ್ರ ರಾಜ್ಯದ ನೌಕರರಾಗಿಯೇ ಉಳಿದರು. ಅಲ್ಲಿ ಜವಾಬ್ದಾರಿಯ ಬೆನ್ನಿಗೇ ಹಣವೂ ಬಂತು. ನಮ್ಮಲ್ಲಿ ತಪ್ಪಿದ್ದು ಇದೇ.

ದೂರದ ಹವಾಯಿಯ ಕಥೆ ಇನ್ನೂ ಕುತೂಹಲದ್ದು. ಅಮೆರಿಕದಲ್ಲಿ ಸಾಮಾನ್ಯವಾಗಿ ಊರೂರಿಗೆ, ಕೌಂಟಿಗೆ ಬೇರೆ ಬೇರೆ ಶಾಲಾ ಮಂಡಳಿ ಇರುತ್ತದೆ. ಹವಾಯಿಯಲ್ಲಿ ಮಾತ್ರ ಇಡೀ ರಾಜ್ಯಕ್ಕೆ ಒಂದೇ ಶಾಲಾ ಜಿಲ್ಲೆ, ನಮ್ಮ ಇಲಾಖೆಯ ಹಾಗೆ. ಗವರ್ನರ್ ಲಿಂಡಾ ಲಿಂಗಲ್ ಅದನ್ನು ಒಡೆದು ಏಳು ಸ್ಥಳೀಯ ಮಂಡಳಿ ಮಾಡಬೇಕು ಅಂದರು. ಶಾಸನಸಭೆ ಒಪ್ಪಲಿಲ್ಲ. ಅದರ ಬದಲು 2004ರಲ್ಲಿ 'ಆ್ಯಕ್ಟ್ 51' ಅನ್ನುವ ಕಾಯ್ದೆ ಮಾಡಿತು. ಗವರ್ನರ್ ತಡೆದರೂ ಶಾಸಕರು ಅದನ್ನು ಮೀರಿ ಪಾಸ್ ಮಾಡಿದರು. ಮಂಡಳಿ ಒಡೆಯಲಿಲ್ಲ, ಬದಲಿಗೆ ಹಣವನ್ನು ನೇರ ಶಾಲೆಗೆ ಇಳಿಸಿದರು. ಶಾಲಾ ವೆಚ್ಚದಲ್ಲಿ ಶೇ 70ರಷ್ಟು ಪ್ರಾಂಶುಪಾಲರ ಕೈಗೆ ಬರಬೇಕು ಅಂತ ಬರೆದರು. ಪ್ರತಿ ಶಾಲೆಗೂ ಪೋಷಕರು, ಶಿಕ್ಷಕರು, ಮಕ್ಕಳು ಇರುವ ಒಂದು ಸಮಿತಿ. ಹಣ ಹಂಚುವುದು ಮಗುವಿನ ಲೆಕ್ಕದಲ್ಲಿ: ಬಡ ಮಗು ಅಥವಾ ಇಂಗ್ಲಿಷ್ ಹೊಸದಾಗಿ ಕಲಿಯುವ ಮಗು ಇದ್ದರೆ ಆ ಶಾಲೆಗೆ ಹೆಚ್ಚು ಹಣ.

ಹಾಗಾದರೆ ಬಡ ಊರಿನ ಶಾಲೆ ಇನ್ನೂ ಹಿಂದೆ ಬೀಳುವುದಿಲ್ಲವಾ?

ಹಣವನ್ನೂ ಊರೇ ಹೊಂದಿಸಿಕೊಳ್ಳಲಿ ಅಂದರೆ ಖಂಡಿತ ಬೀಳುತ್ತದೆ. ರಸ್ತೆ ಪಕ್ಕದ ಊರಿಗೆ ದಾನಿಗಳು ಸಿಗುತ್ತಾರೆ, ಹಳೇ ವಿದ್ಯಾರ್ಥಿಗಳು ಸ್ಮಾರ್ಟ್ ಬೋರ್ಡ್ ಕೊಡಿಸುತ್ತಾರೆ. ತಾಂಡಾದ ಶಾಲೆಗೆ ಯಾರು ಕೊಡುತ್ತಾರೆ? ಹಣ ಕೊಡುವುದು ರಾಜ್ಯ, ಖರ್ಚಿನ ತೀರ್ಮಾನ ಊರಿನದು. ಹವಾಯಿ ಸೂತ್ರದಿಂದ ನಾವು ತೆಗೆದುಕೊಳ್ಳಬೇಕಾದದ್ದು ಇದೇ. ಗುಳೆ ಹೋಗುವ ಕುಟುಂಬದ ಮಗು, ಮನೆಯಲ್ಲಿ ಲಂಬಾಣಿಯೋ ತುಳುವೋ ಕೊಂಕಣಿಯೋ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಗು, ಅಂಗವಿಕಲ ಮಗು ಇರುವ ಶಾಲೆಗೆ ಜಾಸ್ತಿ ಹಣ ಬರಬೇಕು. ತಲೆ ಎಣಿಸಿ ಒಂದೇ ಸಮ ಹಂಚಿದರೆ ಅದು ನ್ಯಾಯ ಆಗುವುದಿಲ್ಲ.

ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂದ ಮೇಲೆ ಅಲ್ಲಿನ ಸಿ ವೃಂದದ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ಶಿಕ್ಷಕರ ಹುದ್ದೆಗೂ ಇದು ಮುಖ್ಯ. ಅಲ್ಲಿಯವರೇ ಆದ ಶಿಕ್ಷಕರು ಒಂದೆರಡು ವರ್ಷಕ್ಕೆ ವರ್ಗಾವಣೆ ಕೇಳಿ ಹೊರಡುವುದು ಕಡಿಮೆ.

ಶಾಲೆಯನ್ನು ಮುಚ್ಚುವ ಅಥವಾ ಬೇರೆ ಶಾಲೆಗೆ ಸೇರಿಸುವ ಮಾತು ಬಂದರೆ?

ಮಕ್ಕಳು ಕಡಿಮೆ ಆದ ಊರಲ್ಲಿ ಈ ಮಾತು ಬಂದೇ ಬರುತ್ತದೆ. ಒಂದರಿಂದ ಹನ್ನೆರಡನೇ ತರಗತಿವರೆಗೆ ಒಂದೇ ಕಡೆ ಇರುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದ ಮೇಲೆ ಇದು ಜಾಸ್ತಿಯಾಗಿದೆ. ದೊಡ್ಡ ಶಾಲೆಯಲ್ಲಿ ಅನುಕೂಲ ಇದೆ, ಒಪ್ಪುತ್ತೇನೆ. ಆದರೆ ಆರು ವರ್ಷದ ಮಗು ಅಲ್ಲಿಗೆ ಹೋಗುವುದು ಹೇಗೆ ಅನ್ನುವುದು ಅದರ ತಾಯಿಗೆ ಗೊತ್ತಿರುವಷ್ಟು ಕಚೇರಿಗೆ ಗೊತ್ತಿಲ್ಲ. ಪೋಷಕರ ಸಭೆ ಒಪ್ಪದೆ ಯಾವ ಶಾಲೆಯನ್ನೂ ಮುಚ್ಚಬಾರದು ಅಂತ ನಿಯಮ ಬರಬೇಕು. ಎಷ್ಟೋ ಊರಲ್ಲಿ ಶಾಲೆಯ ಜಾಗ ಕೊಟ್ಟವರೇ ಊರಿನವರು.

ಅಧಿಕಾರ ಬರುವವರೆಗೆ ನಾವು ಏನು ಮಾಡಬಹುದು?

ಶಾಲಾಭಿವೃದ್ಧಿ ಯೋಜನೆಯಿಂದ ಶುರು ಮಾಡಿ. ಕೇಂದ್ರದ ಮಾದರಿ ನಿಯಮದ ಪ್ರಕಾರ ಇದು ಮೂರು ವರ್ಷದ ಯೋಜನೆ. ಹಣಕಾಸು ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ, ಅಂದರೆ ಡಿಸೆಂಬರ್ ಒಳಗೆ ಸಿದ್ಧವಾಗಬೇಕು. ಮುಂದಿನ ಮೂರು ವರ್ಷ ತರಗತಿವಾರು ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಬೇಕು, ಕಟ್ಟಡಕ್ಕೆ ಏನು ಬೇಕು, ಎಷ್ಟು ಹಣ ಅಂತ ಬರೆಯಬೇಕು. ಬಹಳ ಶಾಲೆಗಳಲ್ಲಿ ಹೆಡ್‌ಮಾಸ್ಟರ್ ಒಬ್ಬರೇ ರಾತ್ರಿ ಕೂತು ಬರೆಯುತ್ತಾರೆ. ಪಾಪ, ಅವರಿಗೆ ಅದು ಹತ್ತರಲ್ಲಿ ಹನ್ನೊಂದನೇ ಕೆಲಸ. ನೀವು ಒಂದು ಭಾನುವಾರ ಹೋಗಿ ಜೊತೆಗೆ ಕೂತುಕೊಳ್ಳಿ.

ಆಮೇಲೆ ತಿಂಗಳಿಗೊಂದು ಸಭೆ ಬಿಡಬೇಡಿ. ನಡಾವಳಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಯಾವತ್ತೂ ಸಹಿ ಹಾಕಬೇಡಿ. ಬರೆದ ಠರಾವಿನ ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ, 30 ದಿನದಲ್ಲಿ ಉತ್ತರ ಕೊಡಲೇಬೇಕು.

ಗ್ರಾಮ ಪಂಚಾಯಿತಿಯನ್ನು ಮರೆಯಬೇಡಿ. ಕಾಂಪೌಂಡು, ಆಟದ ಮೈದಾನ, ಅಡುಗೆ ಕೋಣೆ, ಶೌಚಾಲಯಗಳನ್ನು ಎಷ್ಟೋ ಪಂಚಾಯಿತಿಗಳು ನರೇಗಾದಲ್ಲಿ ಕಟ್ಟಿಸಿಕೊಟ್ಟಿವೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ ದಿನಾಂಕ ಗೊತ್ತು ಮಾಡಿ, ಮಕ್ಕಳಿಗೆ ಮುಂಚೆಯೇ ಹೇಳಿ. ನಮ್ಮೂರಲ್ಲಿ ಆ ಬಾಗಿಲಿನ ವಿಷಯ ಸಭೆಯಲ್ಲಿ ಎದ್ದು ನಿಂತು ಹೇಳಿದ್ದು ಏಳನೇ ಕ್ಲಾಸಿನ ಒಬ್ಬ ಹುಡುಗಿ. ಅವಳು ಹೇಳಿದ ಮೇಲೆ ಪಂಚಾಯಿತಿಯೇ ಹಳೇ ಶೌಚಾಲಯದ ಪಕ್ಕದಲ್ಲಿ ಎರಡನೇ ಶೌಚಾಲಯ ಕಟ್ಟಿಸಿತು, ನೀರಿನ ನಲ್ಲಿ ಸಮೇತ.